ಬೈಪಾಸ್‌ಗೆ ಹೋದವರು ಬಸ್ಸಲ್ಲೇ ವಾಪಸ್!

ಸಾಲಸೋಲ ಮಾಡಿ, ಅಂಗಡಿಗೆ ಬೀಗ ಹಾಕಿ, ಹೃದಯದ ಆಪರೇಷನ್ನಿಗೆಂದು ಬೆಂಗಳೂರಿಗೋ ಮೈಸೂರಿಗೋ ಹೋದವರನ್ನು 'ಸಕ್ಕರೆ ಜಾಸ್ತಿ ಇದೆ, ಇಳಿಸಿಕೊಂಡು ಬನ್ನಿ' ಅಂತ ವಾಪಸ್ ಕಳಿಸುವುದುಂಟು. ಮನೆಯವರಿಗೆ ಸಿಟ್ಟು ಬರುವುದು ಸಹಜ. ಹೃದಯವೇ ಕೈಕೊಟ್ಟಿರುವಾಗ ಸಕ್ಕರೆ ಯಾವ ಲೆಕ್ಕ?

ಲೆಕ್ಕ ಇರುವುದೇ ಅಲ್ಲಿ. ಬೈಪಾಸ್‌ನಲ್ಲಿ ಎದೆಮೂಳೆ ಸೀಳಿ, ಕೊನೆಗೆ ತಂತಿ ಹಾಕಿ ಬಿಗಿಯುತ್ತಾರೆ. ಆ ಗಾಯ ಕೂಡಬೇಕು. ಸಕ್ಕರೆ ಏರಿದ್ದರೆ ರೋಗಾಣುಗಳ ಜತೆ ಕಾದಾಡುವ ಬಿಳಿ ರಕ್ತಕಣಗಳು ಸೊರಗುತ್ತವೆ. ಒಳಗೆ ಕೀವಾದರೆ ಎದೆಯನ್ನು ಮತ್ತೆ ಬಿಚ್ಚಬೇಕಾದೀತು.

ಅಮೆರಿಕದ ಪೋರ್ಟ್‌ಲ್ಯಾಂಡ್ ವೈದ್ಯರು 1999ರಲ್ಲಿ 2,467 ಸಕ್ಕರೆ ರೋಗಿಗಳ ಲೆಕ್ಕ ಕೊಟ್ಟರು. ಚರ್ಮದಡಿ ಇನ್ಸುಲಿನ್ ಚುಚ್ಚುತ್ತಿದ್ದಾಗ ಸಾವಿರಕ್ಕೆ 20 ಮಂದಿಗೆ ಎದೆಯಾಳದ ಸೋಂಕು ತಗಲುತ್ತಿತ್ತು. ರಕ್ತನಾಳಕ್ಕೆ ಸತತವಾಗಿ ಹನಿಸತೊಡಗಿದ ಮೇಲೆ ಅದು 8ಕ್ಕೆ ಇಳಿಯಿತು.

ಹಾಗಂತ ಇಳಿಸಿದಷ್ಟೂ ಒಳ್ಳೆಯದು ಅನ್ನುವಂತಿಲ್ಲ. ತುರ್ತು ನಿಗಾ ಘಟಕದ 6 ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಕ್ಕರೆಯನ್ನು 81ರಿಂದ 108ರೊಳಗೆ ಬಿಗಿಹಿಡಿದವರಲ್ಲಿ ನೂರಕ್ಕೆ 27.5 ಮಂದಿ ಸತ್ತರು. 180ರ ಮಿತಿ ಇಟ್ಟವರಲ್ಲಿ 24.9. ಆದ್ದರಿಂದಲೇ ಆಪರೇಷನ್ ಸುತ್ತಿನ ದಿನಗಳಲ್ಲಿ 180 ದಾಟದಂತೆ, ಆದರೆ ತೀರಾ ಕುಸಿಯದಂತೆ ನೋಡಿಕೊಳ್ಳುವುದು ಈಗಿನ ಪದ್ಧತಿ.

ಇನ್ನು ಆಪರೇಷನ್ನಿನ ಹಿಂದಿನ ದಿನ ಅನ್ನ ಬಿಟ್ಟು ಕೂತರೆ ಆಗದೇ? ಆಗದು. ವೈದ್ಯರು ನೋಡುವುದು ಎಚ್‌ಬಿಎ1ಸಿ. ಅದು ಸುಮಾರು ಮೂರು ತಿಂಗಳ ಖಾತೆ ಪುಸ್ತಕ. ಒಂದು ದಿನದ ಉಪವಾಸದಿಂದ ಆ ಬಾಕಿ ತೀರುವುದಿಲ್ಲ. ಕಾಯಬಹುದಾದ ಆಪರೇಷನ್ನಿಗೆ ಇದು ನೂರಕ್ಕೆ 8ಕ್ಕಿಂತ ಕೆಳಗಿದ್ದರೆ ಮೇಲು ಅನ್ನುತ್ತದೆ ಅಮೆರಿಕದ ಡಯಾಬಿಟಿಸ್ ಸಂಘ.

ಕಾಯಲಾಗದವರ ಮಾತು ಬೇರೆ. ಮುಖ್ಯ ನಾಳವೇ ಕಟ್ಟಿ, ಕೂತಲ್ಲೇ ಎದೆನೋವು ಬರುವವರನ್ನು ಒಂದು ಅಂಕಿ ಹಿಡಿದು ತಿಂಗಳುಗಟ್ಟಲೆ ಮುಂದೂಡಲಾಗದು. ಅವರಿಗೆ ಇನ್ಸುಲಿನ್ ಹನಿಸುತ್ತಲೇ ಆಪರೇಷನ್ ಮಾಡುತ್ತಾರೆ.

ಉಳಿದವರ ಗೋಳಿಗೆ ಮದ್ದು ಸಣ್ಣದು. ದೊಡ್ಡಾಸ್ಪತ್ರೆಗೆ ಚೀಟಿ ಬರೆಯುವ ದಿನವೇ ಊರಲ್ಲಿ ರಕ್ತ ತೆಗೆದು ಈ ಪರೀಕ್ಷೆ ಮಾಡಿಸಿದರೆ, ಕಾಯುವ ವಾರಗಳಲ್ಲೇ ಸಕ್ಕರೆ ಇಳಿಸಬಹುದು. ಬಸ್ ಚಾರ್ಜು ಉಳಿದೀತು, ಎದೆಯ ಹೊಲಿಗೆಯೂ ನಿಂತೀತು. ಚೀಟಿ ಬರೆಯುವವರು ಇತ್ತ ಗಮನ ಕೊಡುವರೇ?