ಮುರಿದ ಬೋಲ್ಟಿನ ಮುಂದೆ

ಆಟಿ ತಿಂಗಳ ಒಂದು ಶನಿವಾರ ಸಂಜೆ. ಕಡಬದ ಬಳಿಯ ಒಂದು ತೋಟದ ಮನೆಯ ಶೆಡ್ಡಿನಲ್ಲಿ ಹಳೆಯ ಚಿಕ್ಕ ಕಾರೊಂದು ಬಾನೆಟ್ ತೆರೆದು ನಿಂತಿದೆ. ಎಂಜಿನಿನಿಂದ ರೇಡಿಯೇಟರಿಗೆ ನೀರು ಹೋಗುವ ಜಾಗದ ಅಲ್ಯೂಮಿನಿಯಂ ಮುಚ್ಚಳದಲ್ಲಿ ನೀರು ಒಸರುತ್ತಿದೆ. ಒಳಗಿನ ಪ್ಯಾಕಿಂಗ್ ಬದಲಿಸಿದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ. ಇರುವುದು ಎರಡೇ ಬೋಲ್ಟು. ಒಂದು ಸುಲಭವಾಗಿ ಬಂತು. ಇನ್ನೊಂದು ಜಪ್ಪಯ್ಯ ಎನ್ನಲಿಲ್ಲ. ಮನೆಯ ಯಜಮಾನರು ಸ್ಪ್ಯಾನರಿನ ಬಾಲಕ್ಕೆ ಕಬ್ಬಿಣದ ಪೈಪು ಸಿಕ್ಕಿಸಿ ಎಳೆದರು. 'ಟಕ್' ಎಂಬ ಸದ್ದು. ಬೋಲ್ಟಿನ ತಲೆ ಕೈಗೆ ಬಂತು, ಉಳಿದದ್ದು ಎಂಜಿನಿನಲ್ಲೇ ಉಳಿಯಿತು. ಸೋಮವಾರ ಬೆಳಿಗ್ಗೆ ಅಜ್ಜಿಯನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆ ಪುತ್ತೂರಿಗೆ ಕರೆದೊಯ್ಯಬೇಕು.

ಪಕ್ಕದಲ್ಲಿ ಟಾರ್ಚು ಹಿಡಿದಿದ್ದ ಮಗಳು ಎರಡನೇ ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿನಿ. ಪೈಪು ಸಿಕ್ಕಿಸಿದ್ದು ಏಕೆ ತಪ್ಪಾಯಿತು ಎಂಬುದು ಅವಳ ಪುಸ್ತಕದಲ್ಲಿಯೇ ಇದೆ. ತಿರುಗಿಸುವ ಶಕ್ತಿ ಎಂದರೆ ಬಲ ಮತ್ತು ಹಿಡಿಯ ಉದ್ದದ ಗುಣಲಬ್ಧ. ಒಂದು ಕೈಯಿಂದ 15 ಕಿಲೋ ತೂಕದಷ್ಟು, ಅಂದರೆ ಸುಮಾರು 150 ನ್ಯೂಟನ್ ಬಲ ಹಾಕಿದರೆ 20 ಸೆಂಟಿಮೀಟರ್ ಉದ್ದದ ಸ್ಪ್ಯಾನರಿನಲ್ಲಿ 30 ನ್ಯೂಟನ್ ಮೀಟರ್ ದೊರೆಯುತ್ತದೆ. ಪೈಪು ಸೇರಿ ಹಿಡಿ 60 ಸೆಂಟಿಮೀಟರ್ ಆದರೆ ಅದೇ ಕೈಗೆ 90. ಆದರೆ 8 ಮಿಲಿಮೀಟರ್ ವ್ಯಾಸದ ಸಾಮಾನ್ಯ ಉಕ್ಕಿನ ಬೋಲ್ಟು 35-40 ನ್ಯೂಟನ್ ಮೀಟರಿನ ಆಸುಪಾಸಿನಲ್ಲೇ ತಿರುಚಿ ತುಂಡಾಗುತ್ತದೆ. ಕೈಗೆ ಹಗುರವೆನಿಸಿದ್ದು ಬೋಲ್ಟಿಗೆ ಹಗುರವಾಗಿರಲಿಲ್ಲ.

ಸರಿ, ಬೋಲ್ಟು ಅಷ್ಟೊಂದು ಬಿಗಿಯಾದದ್ದು ಹೇಗೆ? ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಸೀಮೆಯಿದು. ಕಬ್ಬಿಣ ತುಕ್ಕಾದಾಗ ಮೊದಲಿನ ಜಾಗದ ಎರಡು ಪಟ್ಟಿಗಿಂತಲೂ ಹೆಚ್ಚು ಜಾಗ ಕೇಳುತ್ತದೆ. ಥ್ರೆಡ್ಡುಗಳ ನಡುವೆ ಕೂದಲೆಳೆಯಷ್ಟೂ ಜಾಗವಿಲ್ಲದ ಕಡೆ ಹಿಗ್ಗಿದ ತುಕ್ಕು ಬೆಣೆಯಂತೆ ಕೂರುತ್ತದೆ. ಅಲ್ಯೂಮಿನಿಯಂನೊಳಗೆ ಉಕ್ಕಿನ ಬೋಲ್ಟು ಕುಳಿತಿದ್ದರೆ ಕಥೆ ಇನ್ನೂ ಕೆಡುತ್ತದೆ. ಎರಡು ಬೇರೆ ಬೇರೆ ಲೋಹ, ನಡುವೆ ನೀರು: ಅದೊಂದು ಪುಟ್ಟ ವಿದ್ಯುತ್ ಕೋಶವೇ. ಅಲ್ಲಿ ಸವೆಯುವುದು ಅಲ್ಯೂಮಿನಿಯಂ; ಅದರ ಬಿಳಿ ಪುಡಿ ಸಂದುಗಳಲ್ಲಿ ಗಟ್ಟಿಯಾಗುತ್ತದೆ. ರೇಡಿಯೇಟರಿಗೆ ಕೂಲೆಂಟ್ ಹಾಕುವ ಬದಲು ತೋಡಿನ ನೀರು ತುಂಬಿಸುವ ಅಭ್ಯಾಸ ಹಳ್ಳಿಗಳಲ್ಲಿ ಬಹಳ. ಕೂಲೆಂಟಿನಲ್ಲಿ ಇಂಥ ಸವೆತವನ್ನು ತಡೆಯುವ ರಾಸಾಯನಿಕಗಳಿವೆ, ತೋಡಿನ ನೀರಿನಲ್ಲಿ ಇಲ್ಲ.

ಅಡಿಕೆ ಬೆಳೆಗಾರರ ಜೀಪು, ಪಿಕಪ್ಪುಗಳಿಗೆ ಇನ್ನೊಬ್ಬ ಶತ್ರುವೂ ಇದ್ದಾನೆ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ಸಾಕಾಯಿತೇ ಎಂದು ತಿಳಿಯಲು ಕತ್ತಿಯನ್ನು ಅದ್ದಿ ನೋಡುವುದುಂಟು. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಆ ಕೆಂಪು ತಾಮ್ರದ್ದು. ಕಬ್ಬಿಣ ಕರಗಿ ತಾಮ್ರಕ್ಕೆ ಜಾಗ ಬಿಟ್ಟುಕೊಟ್ಟಿದೆ. ಶಾಲೆಯಲ್ಲಿ ಮೊಳೆಯನ್ನು ಅದ್ದಿ ಮಾಡುವ ಪ್ರಯೋಗವೇ ಇದು. ಸುಣ್ಣ ಬೆರೆಸದ ಮೈಲುತುತ್ತಿನ ನೀರು ಗಾಡಿಯಲ್ಲಿ ಚೆಲ್ಲಿದರೆ ಬೋಲ್ಟುಗಳ ಮೇಲೂ ಅದೇ ಪ್ರಯೋಗ ನಡೆಯುತ್ತದೆ, ಅಂಕ ಮಾತ್ರ ಸಿಗುವುದಿಲ್ಲ.

ಅಪ್ಪ ಡ್ರಿಲ್ಲಿಂಗ್ ಯಂತ್ರ ತರಲು ಹೊರಟರು. "ಅಪ್ಪಾ, ಸ್ವಲ್ಪ ತಡೆ" ಎಂದಳು ಮಗಳು. ಫೋನಿನಲ್ಲಿ ಸಿಕ್ಕ ಸುಳ್ಯದ ಮೆಕ್ಯಾನಿಕ್ ಹೇಳಿದ್ದೂ ಅದನ್ನೇ: "ಮೊದಲು ಮುಚ್ಚಳ ತೆಗೆಯಿರಿ, ತುಂಡು ಎಷ್ಟು ಹೊರಗಿದೆ ನೋಡಿ."

ಆ ಮಾತಿನಲ್ಲಿ ಅನುಭವವಿದೆ. ಬೋಲ್ಟು ಬಿಗಿಯುವಾಗ ನಾವು ಹಾಕುವ ಶ್ರಮದಲ್ಲಿ ಹೆಚ್ಚುಕಡಿಮೆ ಅರ್ಧ ತಲೆಯ ಅಡಿಯ ಘರ್ಷಣೆಗೆ ಹೋಗುತ್ತದೆ, ಶೇಕಡಾ 40ರಷ್ಟು ಥ್ರೆಡ್ಡಿನ ಘರ್ಷಣೆಗೆ. ಬೋಲ್ಟನ್ನು ಎಳೆದು ಹಿಡಿಯಲು ಉಳಿಯುವುದು ಹತ್ತರಲ್ಲೊಂದು ಪಾಲು. ತಲೆ ಹಾರಿದೊಡನೆ ಆ ಎಳೆತ ಇಲ್ಲವಾಗುತ್ತದೆ, ತಲೆಯಡಿಯ ಘರ್ಷಣೆಯೂ ಇಲ್ಲ. ಉಳಿದದ್ದು ತುಕ್ಕಿನ ಹಿಡಿತ ಮಾತ್ರ. ಆದ್ದರಿಂದ ಮುರಿದ ತುಂಡು ಮುರಿಯದ ಬೋಲ್ಟಿಗಿಂತ ಸಡಿಲವಾಗಿರುವುದೂ ಉಂಟು.

ಮುಚ್ಚಳ ಎದ್ದಾಗ ತುಂಡು ಒಂದು ಸೆಂಟಿಮೀಟರಿನಷ್ಟು ಹೊರಗೆ ಕಂಡಿತು. ಅದೃಷ್ಟ! ತುಕ್ಕು ಬಿಡಿಸುವ ಎಣ್ಣೆಯನ್ನು ಬುಡಕ್ಕೆ ಬಿಟ್ಟು ರಾತ್ರಿಯಿಡೀ ಹಾಗೇ ಬಿಡಲಾಯಿತು. (ಚಿಮಿಣಿ ಎಣ್ಣೆಯೂ ಅಷ್ಟಿಷ್ಟು ಕೆಲಸ ಮಾಡುತ್ತದೆ, ತೆಳುವಾದ ಎಣ್ಣೆ ಸಂದಿನೊಳಗೆ ತಾನಾಗಿ ಏರುತ್ತದೆ, ಆದರೆ ಬೆಂಕಿಯ ಭಯ ಇರಲಿ.) ಭಾನುವಾರ ಬೆಳಿಗ್ಗೆ ತುಂಡಿನ ಸುತ್ತಲಿನ ಅಲ್ಯೂಮಿನಿಯಂಗೆ ಬಟ್ಟೆ ಸುತ್ತಿ ಕುದಿನೀರು ಹೊಯ್ದರು. ಉಪ್ಪಿನಕಾಯಿ ಬಾಟಲಿಯ ತಗಡಿನ ಮುಚ್ಚಳವನ್ನು ಬಿಸಿನೀರಿಗೆ ಹಿಡಿದು ತೆಗೆಯುವ ಉಪಾಯವೇ ಇದು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 70 ಡಿಗ್ರಿ ಬಿಸಿಯೇರಿದರೆ 8 ಮಿಲಿಮೀಟರ್ ತೂತಿನಲ್ಲಿ ಸಿಗುವ ಸಡಿಲ ಮಿಲಿಮೀಟರಿನ ಸಾವಿರದ ಆರು ಭಾಗದಷ್ಟು. ಬಹಳ ಕಡಿಮೆ ಎನಿಸಬಹುದು. ತುಕ್ಕಿನ ಪದರ ಬಿರುಕು ಬಿಡಲು ಕೆಲವೊಮ್ಮೆ ಅಷ್ಟೇ ಸಾಕು. ಪೆಟ್ರೋಲ್ ಪೈಪಿನ ಪಕ್ಕದಲ್ಲಿ ಗ್ಯಾಸ್ ಜ್ವಾಲೆ ಹಿಡಿಯುವುದಕ್ಕಿಂತ ಕುದಿನೀರು ಎಷ್ಟೋ ಸುರಕ್ಷಿತ.

ನಂತರ ಕಚ್ಚಿ ಹಿಡಿಯುವ ಇಕ್ಕಳದಿಂದ ತುಂಡನ್ನು ಹಿಡಿದು, ಮೊದಲು ಬಿಗಿಯುವ ದಿಕ್ಕಿಗೆ ಒಂದಿಷ್ಟು, ಮತ್ತೆ ಬಿಚ್ಚುವ ದಿಕ್ಕಿಗೆ, ಮತ್ತೆ ಹಿಂದೆ. ಪುಡಿ ಉದುರುತ್ತಾ ಬಂತು. ಮೂರನೇ ಸಲ ಕುದಿನೀರು ಹೊಯ್ದ ಮೇಲೆ ತುಂಡು ತಿರುಗಿತು.

ತುಂಡು ಮಟ್ಟಸವಾಗಿ ಮುರಿದಿದ್ದರೆ ಕೆಲಸ ಮನೆಯದ್ದಲ್ಲ. ಪಳಗಿದವರು ತುಂಡಿನ ಮೇಲೆ ನಟ್ಟನ್ನಿಟ್ಟು ವೆಲ್ಡ್ ಮಾಡುತ್ತಾರೆ. ಬಿಸಿಯೂ ಸಿಕ್ಕಿತು, ಹಿಡಿಯಲು ತಲೆಯೂ ಸಿಕ್ಕಿತು. ಇಲ್ಲವೇ ಸರಿಯಾಗಿ ನಡುವಿಗೆ ಸೆಂಟರ್ ಪಂಚ್ ಹೊಡೆದು, ತೂತು ಕೊರೆದು, ಎಡಕ್ಕೆ ತಿರುಗಿದಂತೆಲ್ಲ ಕಚ್ಚಿಕೊಳ್ಳುವ ಎಕ್ಸ್‌ಟ್ರಾಕ್ಟರ್ ಹಾಕುತ್ತಾರೆ. ಅದು ಬಹಳ ಗಟ್ಟಿಯಾದ ಉಕ್ಕು, ಗಟ್ಟಿಯಾದಷ್ಟೂ ಗಡುಸು. ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಅದನ್ನು ಕೊರೆಯಲಾರದು. ಇನ್ನು ಬ್ರೇಕು, ಸ್ಟಿಯರಿಂಗಿನ ಬೋಲ್ಟು ಮುರಿದರೆ ಮನೆಯಲ್ಲಿ ಪ್ರಯೋಗವೇ ಬೇಡ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಮಕ್ಕಳಿರಲಿ, ದೊಡ್ಡವರೂ ನುಸುಳಬಾರದು. ಕೊರೆಯುವಾಗ ಕಣ್ಣಿಗೆ ಕನ್ನಡಕ ಬೇಕೇ ಬೇಕು.

ಹೊಸ ಬೋಲ್ಟಿಗೆ ಅಪ್ಪ ಶೆಡ್ಡಿನ ಹಳೆಯ ಡಬ್ಬಿಯಲ್ಲಿ ಕೈಹಾಕಿದರು. ಒಂದು ಕಾಲದಲ್ಲಿ ಮನೆಯಲ್ಲಿದ್ದ ಜೀಪಿನ ಬೋಲ್ಟುಗಳವು. ಜೀಪಿನ ಮೂಲ ಅಮೆರಿಕದ ವಿಲೀಸ್. ಹಳೆಯ ಗಾಡಿಗಳ ಅಳತೆ ಅಂಗುಲದ್ದು. ಐದು ಹದಿನಾರನೇ ಅಂಗುಲವೆಂದರೆ 7.94 ಮಿಲಿಮೀಟರ್, ಕಣ್ಣಿಗೆ 8ರಂತೆಯೇ. ಥ್ರೆಡ್ಡಿನಿಂದ ಥ್ರೆಡ್ಡಿಗೆ ಇರುವ ದೂರ ಮಾತ್ರ ಬೇರೆ: ಒರಟು ಥ್ರೆಡ್ಡಿನ ಅಂಗುಲದ ಬೋಲ್ಟಿನಲ್ಲಿ 1.41 ಮಿಲಿಮೀಟರ್, ಮೆಟ್ರಿಕ್ ಬೋಲ್ಟಿನಲ್ಲಿ 1.25. ಅಂಥದ್ದು ಒಂದೆರಡು ಸುತ್ತು ಹೋಗಿ ಕಚ್ಚುತ್ತದೆ. ಮತ್ತೆ ಪೈಪು, ಮತ್ತೆ 'ಟಕ್'.

ಡಬ್ಬಿ ಮುಚ್ಚಿತು. ಹೊರಬಂದ ತುಂಡನ್ನು ಕಾಗದದಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿ, ಅದಕ್ಕೆ ಒಗ್ಗಿದ ನಟ್ಟಿನಲ್ಲೇ ಹೊಸ ಬೋಲ್ಟನ್ನೂ ತಿರುಗಿಸಿ ನೋಡಿ ತಂದರು. ಥ್ರೆಡ್ಡಿಗೆ ಚೂರು ಗ್ರೀಸ್ ಸವರಿ, ಕೊನೆಯವರೆಗೂ ಬೆರಳಿನಲ್ಲೇ ತಿರುಗಿಸಿದವಳು ಮಗಳು. ಸ್ಪ್ಯಾನರ್ ಬಂದದ್ದು ಕಡೆಗೆ, ಪೈಪಿಲ್ಲದೆ. ಸೋಮವಾರ ಮಳೆಯಲ್ಲೇ ಕಾರು ಪುತ್ತೂರಿಗೆ ಹೋಯಿತು. ಮಂಗಳವಾರ ಎಂಜಿನ್ ತಣ್ಣಗಿದ್ದಾಗ ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದರೆ ಮಟ್ಟ ಇಳಿದಿರಲಿಲ್ಲ.