ಬೀಗದ ಕೈ ಇಲ್ದ ಬೀಗ ನಮ್ಮ ಬಾಗ್ಲಿಗ ಬ್ಯಾಡ

ಈಗ ಕೊಳ್ಳೇಗಾಲದಲ್ಲಿ ಯಾರ ಹೊಸ ಮನಗ ಹೋದ್ರೂ ದೇವ್ರ ಕೋಣಕ್ಕಿಂತ ಮೊದಲು ಬಾಗ್ಲ ಬೀಗವ ತೋರುಸ್ತಾರ. ಬೆಟ್ಟು ಮಡಗುದ್ರ ಟಿಂವ್ ಅಂತ ತಗೀತದ. ಬೆಂಗಳೂರಲ್ಲಿರೋ ಮಗ ಹಾಕ್ಸಿರ್ತಾನ. ಹನೂರಿನ ಚಿಕ್ಕವ್ವ, ಯಳಂದೂರಿನ ಅತ್ತ, ಎಲ್ರೂ ನನ್ನ ಕೇಳೋದು ಒಂದೇ ಮಾತು, "ಅದ್ನ ನಂಬ್ಬೋದಾ?"

ಕರೆಂಟು ಹೋದ್ರ ಬಾಗ್ಲು ತಗಿಯಲ್ಲ ಅಂತ ಒಂದು ಹೆದರಿಕ ಅದಲ್ಲ, ಅದು ಸುಳ್ಳು. ಈ ಬೀಗ ನಡಿಯೋದು ಸೆಲ್ಲಲ್ಲಿ, ಹೆಚ್ಚಿನವ್ಕ ನಾಲ್ಕು ಪೆನ್ಸಿಲ್ ಸೆಲ್ಲು. ಬೆಟ್ಟಿಗೂ ನಂಬರಿಗೂ ಇಂಟರ್ನೆಟ್ಟೂ ಬ್ಯಾಡ. ಸೆಲ್ಲು ಮುಗಿಯಾಕ ಬಂದಾಗ ಕುಂಯ್ ಕುಂಯ್ ಅಂತ ಮೊದಲೇ ಹೇಳ್ತದ. ಆದ್ರ ಕೇಳಾಕ ಮನಲಿ ಜನ ಇರ್ಬೇಕಲ್ಲ? ಮಗಳ ಬಾಣಂತನಕ್ಕ ಅಂತ ಮೂರು ತಿಂಗಳು ಹೋದ್ರ ಅದು ಯಾರಿಗ ಕೂಗ್ತದ? ಅದ್ಕೇ ಸುಮಾರು ಬೀಗಗಳ್ಗ ಹೊರಗಡ ಒಂದು ಜಾಗ ಮಡಗಿರ್ತಾರ. 9 ವೋಲ್ಟಿನ ಚೌಕ ಸೆಲ್ಲು ತಾಗ್ಸಿದ್ರ, ಇಲ್ಲಾ ಪವರ್ ಬ್ಯಾಂಕ್ ವೈರು ಚುಚ್ಚಿದ್ರ, ಆವತ್ತಿನ ಮಟ್ಟಿಗ ಜೀವ ಬತ್ತದ. ನಿಮ್ದು ಯಾವುದು ಅಂತ ಹಾಕೋನ ಕೈಲೇ ತೋರಿಸ್ಕಳಿ. ಹಳ ಸೆಲ್ಲು ಹೊಸ ಸೆಲ್ಲು ಬೆರಸಿ ಹಾಕ್ಬ್ಯಾಡಿ.

ನಂಗ ನಿಜವಾಗೂ ಯೋಚ್ನ ಇರೋದು ಬೆಟ್ಟಿಂದು ಕನ್ರವ್ವ. ಇದು ರೇಷ್ಮ ಊರು. ಬಿಸಿನೀರಲ್ಲಿ ಗೂಡು ಅದ್ದಿ ನೂಲು ತಗದು ತಗದು ಬೆಟ್ಟಿನ ಗೆರ ಸವದೋಗಿರೋ ಹೆಂಗಸ್ರು ನಮ್ಮಲ್ಲಿ ಕಮ್ಮಿನಾ? ಕಳ ಕಿತ್ತ ಕೈ, ಪಾತ್ರ ತಿಕ್ಕಿದ ಕೈ, ವಯಸ್ಸಾಗಿ ಒಣಗಿದ ಕೈ. ರೇಷನ್ ಅಂಗ್ಡಿಲಿ "ಅಜ್ಜಿ, ಇನ್ನೊಂದು ಬೆಟ್ಟು ಮಡಗು, ಒರಸ್ಕಂಡು ಮಡಗು" ಅಂತ ನಿಲ್ಸಿಕಳೋದ ನೋಡಿಲ್ವಾ? ಅಲ್ಲಿ ಅಕ್ಕಿಗ ಕಾಯ್ತಾರ, ಇಲ್ಲಿ ತನ್ನ ಮನ ಜಗಲಿ ಮ್ಯಾಲೇ ಕುಂತ್ಕಂಡು ಕಾಯ್ಬೇಕು. ಮಗನ ಬೆಟ್ಟಿಗ ಒಂದೇ ಸಲಕ್ಕ ತಗದ್ರ ಬೀಗ ಚಂದಾಗದ ಅಂತಲ್ಲ. ಮನಲಿ ದೊಡ್ಡವ್ರು ಹಿತ್ಲಿಂದ ಒದ್ದ ಕೈಲಿ ಬಂದು ಮಡಗಿದಾಗ ತಗದ್ರ ಚಂದಾಗದ ಅನ್ನಿ. ನಂಬರು ಇಟ್ಕಬೋದು, ಸರಿ. ಆದ್ರ ಹುಟ್ಟಿದ ವರ್ಸ ಮಡಗಿದ್ರ ಬೀದಿಗೆಲ್ಲ ಗೊತ್ತಾಯ್ತದ.

ಫೋನಲ್ಲಿ ತಗಿಯೋ ಬೀಗ ಇನ್ನೊಂದು ತರ. 2017ರ ಆಗಸ್ಟಲ್ಲಿ ಅಮೆರಿಕದ ಲಾಕ್‌ಸ್ಟೇಟ್ ಅನ್ನೋ ಕಂಪನಿ ಇಂಟರ್ನೆಟ್ ಮೂಲಕ ಬೀಗಗಳ್ಗ ತಪ್ಪು ಅಪ್‌ಡೇಟ್ ಕಳಿಸ್ಬುಡ್ತು. ಸುಮಾರು 500 ಬೀಗ ಕೆಟ್ಟು ಕುಂತ್ಕಂಡೊ. ಕಳ್ಳ ಬಂದಿಲ್ಲ, ಬೀಗ ಒಡದಿಲ್ಲ, ಮಾಡಿದ ಕಂಪನಿಯೇ ದೂರದಲ್ಲಿ ಕುಂತು ಕೆಡಿಸ್ತು. ನಮ್ಮೂರಿನ ಬೀಗ ರಿಪೇರಿಯವ್ನು ಅದ್ಕ ಏನ ಮಾಡಾನು?

ಇನ್ನೊಂದು ಮಾತು, ಇದ ಯಾರೂ ಹೇಳಲ್ಲ. ಯಾರು ಎಷ್ಟೊತ್ಗ ಬಾಗ್ಲು ತಗದ್ರು ಅಂತ ಎಲ್ಲ ಫೋನಿಗ ಹೋಯ್ತದ. ಆ ಫೋನು ಯಾರ್ದು? ಸೊಸ ಮೂರು ಗಂಟ್ಗ ಪಕ್ಕದ ಮನಗ ಹೋಗಿ ನಾಲ್ಕಕ್ಕ ಬಂದ್ಲು ಅಂತ ಬೆಂಗಳೂರಲ್ಲಿ ಕುಂತೋನ್ಗ ಯಾಕ ಬೇಕು? ನಮ್ಮಜ್ಜಿ ಸೊಂಟದಲ್ಲಿ ಬೀಗದ ಕೈ ಗೊಂಚಲು ಸಿಗಸ್ಕಂಡಿರೋಳು, ಅದೂ ಒಂದು ದರ್ಬಾರೇ ಬುಡಿ, ಆದ್ರ ಅದು ಮನ ಒಳಗಿತ್ತು. ಫೋನಿಗ ಸೇರ್ಸೋದಾದ್ರ ದಿನಾ ಆ ಮನಲಿ ಇರೋ ಹೆಂಗಸಿನ ಫೋನಿಗ ಸೇರ್ಸಿ. ಹೊಸಬ್ರ ಬೆಟ್ಟು ಸೇರ್ಸೋದು, ತಗಿಯೋದು ಅವ್ಳ ಕೈಲಿರ್ಲಿ. ಅವ್ಳೇನು ಮನಗ ಬಂದ ನೆಂಟ್ಳಾ?

ನಾನು ಬೀಗವೇ ಬ್ಯಾಡ ಅನ್ನಲ್ಲ. ಮಂಡಿ ನೋವಿರೋರ್ಗ, ಕೈತುಂಬ ಸಾಮಾನು ಹಿಡ್ಕಂಡು ಬರೋರ್ಗ, ಬೀಗದ ಕೈ ಕಳೀತಾನೇ ಇರೋ ಮಕ್ಕಳ್ಗ ಅದು ಅನುಕೂಲವೇ. ಆದ್ರ ಬೀಗದ ಕೈ ಹಾಕೋ ತೂತು ಇರೋದನ್ನೇ ತಗಳಿ. ಮಳಗಾಲದಲ್ಲಿ ಮರದ ಬಾಗ್ಲು ಉಬ್ಬಿ ನಾಲ್ಗ ಸಿಕ್ಕಾಕಂಡ್ರ ಸೆಲ್ಲಿನ ಮೋಟ್ರು ಮುಕ್ಕುತ್ತದ, ಅವಾಗ ಬಾಗ್ಲ ಎಳದು ಹಿಡ್ದು ಕೈ ತಿರಗ್ಸಿದ್ರ ತಗೀತದ. ಗೋದ್ರೆಜ್‌ನೋರು 1897ರಲ್ಲಿ ಶುರು ಮಾಡದ್ದೇ ಬೀಗದ ಕಸಬ, ಅವ್ರೂ ಈಗ ಬೆಟ್ಟಿನ ಬೀಗ ಮಾರ್ತಾರ, ಕೈ ಹಾಕೋ ಬೀಗವ ಮಾತ್ರ ಇನ್ನೂ ಬುಟ್ಟಿಲ್ಲ.

ಆ ಕೈಯ ಜನ ಎಲ್ಲಿ ಮಡಗ್ತಾರ ಗೊತ್ತಾ? ಬೀರೂಲಿ! ಬಾಗ್ಲ ಹೊರಗ ನಿಂತೋಳ್ಗ ಬೀರೂಲಿರೋ ಕೈಯಿಂದ ಏನಾಗ್ಬೇಕು? ನಮ್ದು ಎದುರು ಮನ ಅಕ್ಕನ ಹತ್ರ ಅದ. ಅವ್ರದು ನಮ್ಮ ಸಾಸ್ವ ಡಬ್ಬಿಲಿ ಅದ.