ಕೆಡವಿದ ಮೇಲೆ ಉಳಿದದ್ದು
ಗದಗದ ವಕಾರ ಸಾಲನ್ನು (ಹಳೇ ಗೋದಾಮುಗಳ ಸಾಲು) 2019ರಲ್ಲಿ ನೆಲಸಮ ಮಾಡಿದಾಗ ಊರೆಲ್ಲ ಮಾತಾಡಿದ್ದು ಖಾಲಿಯಾದ ಜಾಗದ ಬಗ್ಗೆ, ಒಡೆದ ಗೋಡೆಯ ಬಗ್ಗೆ ಅಲ್ಲ. ಹಳೇ ಕಟ್ಟಡ ಬಿದ್ದರೆ ನಮ್ಮಲ್ಲಿ ಸಾಗವಾನಿ ತೊಲೆ, ಬಾಗಿಲ ಚೌಕಟ್ಟು, ಮಂಗಳೂರು ಹಂಚು, ತಗಡು ಮೊದಲೇ ಮಾರಾಟವಾಗುತ್ತವೆ. ಗುಜರಿಯವರು ಮೊಳೆಯನ್ನೂ ಬಿಡುವುದಿಲ್ಲ. ಉಳಿಯುವ ಇಟ್ಟಿಗೆ, ಗಾರೆಯ ರಾಶಿ ಮಾತ್ರ ರಾತ್ರೋರಾತ್ರಿ ಯಾವುದೋ ಹಳ್ಳ ಸೇರುತ್ತದೆ. ಅದನ್ನು ಬೇರ್ಪಡಿಸಿ ಮರುಬಳಸಿ ಎಂದು ಕೇಂದ್ರ ನಿಯಮ ಮಾಡಿದ್ದು 2016ರಲ್ಲೇ. ಮರುಬಳಕೆ ನಮಗೆ ಹೊಸದೇನಲ್ಲ: ಪಕ್ಕದ ಲಕ್ಕುಂಡಿಯಲ್ಲಿ ಗುಡಿಯ ಕೆತ್ತನೆ ಕಲ್ಲುಗಳೇ ಮನೆಗೋಡೆ ಸೇರಿವೆ (ಅಷ್ಟೊಂದು ಮರುಬಳಕೆ ಬೇಡವಾಗಿತ್ತು, ಬಿಡಿ). ಗದಗ-ಬೆಟಗೇರಿ ನಗರಸಭೆಯಿರಲಿ, ಲಕ್ಷ್ಮೇಶ್ವರ, ಮುಂಡರಗಿಯ ಪುರಸಭೆಗಳಿರಲಿ, ಶಿರಹಟ್ಟಿಯ ಪಟ್ಟಣ ಪಂಚಾಯಿತಿಯಿರಲಿ, ಮನೆ ಕೆಡವುವವರಿಂದ ಅವಶೇಷ ಎಲ್ಲಿಗೆ ಹೋಗುತ್ತದೆಂದು ಮೊದಲೇ ಬರೆಸಿಕೊಳ್ಳಲಿ. ಅದನ್ನೇ ಪುಡಿಮಾಡಿ ರಸ್ತೆಬದಿಯ ಪೇವರ್ಸ್‌ಗೆ ಬಳಸಿದರೆ, ಕಪ್ಪತಗುಡ್ಡದ ಸುತ್ತಲ ಕ್ವಾರಿಗಳಿಂದ ತರುವ ಜಲ್ಲಿ ಒಂದಿಷ್ಟಾದರೂ ಕಡಿಮೆಯಾದೀತು.